ಕೌಂಟರಿನಿಂದ ವೇದಿಕೆಗೆ

“ಪುಸ್ತಕ ಕೊಡೋದು, ತಗೊಳ್ಳೋದು. ಇದಕ್ಕೂ ಒಂದು ಸಮ್ಮೇಳನ ಬೇಕೇನ್ರಿ ಮೇಡಂ?”

ಓಓಡಿ ಅರ್ಜಿ ಹಿಡಿದು ಆಫೀಸಿಗೆ ಹೋದಾಗಲೆಲ್ಲ ಯಾರಾದರೊಬ್ಬರು ನಗುತ್ತಲೇ ಕೇಳುವ ಮಾತಿದು. ಓಓಡಿ ಎಂದರೆ ಕಾಲೇಜಿನ ಕೆಲಸದ ಲೆಕ್ಕದಲ್ಲೇ ಹೊರಗೆ ಹೋಗಿಬರಲು ಕೊಡುವ ಅನುಮತಿ. ವಿಜ್ಞಾನಿಗಳು, ವೈದ್ಯರು, ಇತಿಹಾಸಕಾರರು ಸಮ್ಮೇಳನಕ್ಕೆ ಹೊರಟರೆ ಯಾರಿಗೂ ಅಚ್ಚರಿಯಿಲ್ಲ. ಗ್ರಂಥಪಾಲಕರು ಹೊರಟರೆ ಮಾತ್ರ, ಅಲ್ಲಿ ಹೋಗಿ ಇವರು ಏನು ಮಾತಾಡಿಕೊಳ್ಳುತ್ತಾರಪ್ಪಾ ಎಂಬ ಕುತೂಹಲ. ಕುತೂಹಲ ತಪ್ಪಲ್ಲ. ಹಾವೇರಿ ಕಡೆಯ ತಾಲೂಕು ಕಾಲೇಜೊಂದರ ಗ್ರಂಥಪಾಲಕಿಯಾಗಿ ಅದಕ್ಕೆ ಉತ್ತರ ಬರೆಯುವುದು ನನ್ನ ಬಾಬ್ತು.

ಮೊದಲು ನಮ್ಮ ಕೆಲಸದ ಸ್ಥಿತಿ ಹೇಳಬೇಕು. ಕಾಲೇಜೊಂದರಲ್ಲಿ ಕನ್ನಡಕ್ಕೆ ಇಬ್ಬರೋ ಮೂವರೋ ಮೇಷ್ಟ್ರುಗಳಿರುತ್ತಾರೆ, ವಾಣಿಜ್ಯಶಾಸ್ತ್ರಕ್ಕೆ ಒಂದು ತಂಡವೇ ಇರುತ್ತದೆ. ಗ್ರಂಥಪಾಲಕರು ಸಾಮಾನ್ಯವಾಗಿ ಒಬ್ಬರೇ. ಪಾಠದಲ್ಲಿ ಸಂಶಯ ಬಂದರೆ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಕೇಳಿಕೊಂಡಾರು. ಗ್ರಂಥಾಲಯದ ಲೆಕ್ಕವನ್ನೆಲ್ಲ ನೋಡಿಕೊಳ್ಳುವ ಕೋಹಾ ತಂತ್ರಾಂಶ ಬೆಳಿಗ್ಗೆ ತೆರೆದುಕೊಳ್ಳದಿದ್ದರೆ, ಜಾನಪದ ವೈದ್ಯದ ಪುಸ್ತಕವನ್ನು ವೈದ್ಯಶಾಸ್ತ್ರಕ್ಕೆ ಸೇರಿಸಬೇಕೋ ಜಾನಪದಕ್ಕೋ ಎಂದು ತಿಳಿಯದಿದ್ದರೆ, ನಿವೃತ್ತಿಗೆ ಮೊದಲು ಪುಸ್ತಕ ಮರಳಿಸದ ಪ್ರಾಧ್ಯಾಪಕರಿಗೆ ಯಾವ ಧಾಟಿಯಲ್ಲಿ ಪತ್ರ ಬರೆಯಬೇಕೆಂದು ಹೊಳೆಯದಿದ್ದರೆ, ನಾನು ಯಾರನ್ನು ಕೇಳಲಿ? ಇಡೀ ಕ್ಯಾಂಪಸ್ಸಿನಲ್ಲಿ ಈ ಕೆಲಸ ಬಲ್ಲವರು ಇನ್ನೊಬ್ಬರಿಲ್ಲ. ಅದನ್ನು ಬಲ್ಲ ನೂರಿನ್ನೂರು ಜನ ಒಂದೇ ಸೂರಿನಡಿ ಸಿಗುವುದು ಸಮ್ಮೇಳನದಲ್ಲಿ.

ಒಂದೂವರೆ ಶತಮಾನದ ರೂಢಿ

ಗ್ರಂಥಪಾಲಕರು ಸಭೆ ಸೇರುವುದು ಇಂದು ನಿನ್ನೆಯದಲ್ಲ. 1876ರ ಅಕ್ಟೋಬರ್ 4ರಿಂದ 6ರವರೆಗೆ ಅಮೆರಿಕದ ಫಿಲಡೆಲ್ಫಿಯಾದಲ್ಲಿ 103 ಮಂದಿ ಸೇರಿದರು. ಅವರಲ್ಲಿ 90 ಗಂಡಸರು, 13 ಹೆಂಗಸರು. ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಹುಟ್ಟಿದ್ದು ಆ ಸಭೆಯಲ್ಲಿ. ಮುಂಚೂಣಿಯಲ್ಲಿ ಓಡಾಡಿದವರಲ್ಲೊಬ್ಬ ಮೆಲ್ವಿಲ್ ಡ್ಯೂಯಿ. ಪುಸ್ತಕದ ಬೆನ್ನಿಗೆ ನಾವು ಇಂದಿಗೂ ಅಂಟಿಸುವ ದಶಮಾಂಶ ವರ್ಗೀಕರಣದ ಮೊದಲ ಆವೃತ್ತಿ ಅವನಿಂದ ಹೊರಬಂದದ್ದೂ ಅದೇ ವರ್ಷ. ಕನ್ನಡ ಸಾಹಿತ್ಯದ ಕಪಾಟಿನಲ್ಲಿ 894.814 ಎಂಬ ಸಂಖ್ಯೆ ಕಂಡಿದ್ದರೆ ಅದು ಆ ಪದ್ಧತಿಯದು. ಮರುವರ್ಷ ಲಂಡನ್ನಿನಲ್ಲಿ ಅಂಥದೇ ಸಭೆ ಸೇರಿ ಬ್ರಿಟನ್ನಿನ ಗ್ರಂಥಾಲಯ ಸಂಘ ರೂಪುಗೊಂಡಿತು. ಗ್ರಂಥಾಲಯ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಇಫ್ಲಾ 1927ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿತು. ಅದರ ವಾರ್ಷಿಕ ಸಮ್ಮೇಳನ 1992ರಲ್ಲಿ ದೆಹಲಿಗೂ ಬಂದಿತ್ತು.

ನಮ್ಮಲ್ಲಿ ಈ ಸಭೆಗಳು ಸ್ವಾತಂತ್ರ್ಯ ಚಳವಳಿಯ ಜೊತೆಜೊತೆಗೇ ಬೆಳೆದವು. ಆಂಧ್ರದಲ್ಲಿ ಅಯ್ಯಂಕಿ ವೆಂಕಟರಮಣಯ್ಯನವರು ಗ್ರಂಥಾಲಯವನ್ನೇ ಒಂದು ಚಳವಳಿಯಾಗಿ ಕಟ್ಟಿದರು. ಕಾಂಗ್ರೆಸ್ ಅಧಿವೇಶನ ನಡೆಯುವ ಊರಿನಲ್ಲೇ ಗ್ರಂಥಾಲಯ ಸಮ್ಮೇಳನವನ್ನೂ ಸೇರಿಸುವ ಪದ್ಧತಿ ಆಗ ಬೆಳೆಯಿತು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಅಧಿವೇಶನದ ಹೊತ್ತಿಗೂ ಹಾಗೆಯೇ ಆಯಿತು. 1933ರಲ್ಲಿ ಕಲ್ಕತ್ತೆಯಲ್ಲಿ ನಡೆದ ಅಖಿಲ ಭಾರತ ಸಮ್ಮೇಳನದಲ್ಲಿ ಭಾರತೀಯ ಗ್ರಂಥಾಲಯ ಸಂಘ ಹುಟ್ಟಿತು. 1955ರಲ್ಲಿ ವಿಶೇಷ ಗ್ರಂಥಾಲಯಗಳ ಸಂಘವಾದ ಇಯಾಸ್ಲಿಕ್ ಬಂತು. ವಿಶ್ವವಿದ್ಯಾಲಯ ಗ್ರಂಥಾಲಯಗಳ ಗಣಕೀಕರಣವನ್ನೇ ಮುಖ್ಯವಾಗಿಟ್ಟುಕೊಂಡ ಇನ್‌ಫ್ಲಿಬ್‌ನೆಟ್ ಸಂಸ್ಥೆಯ ‘ಕ್ಯಾಲಿಬರ್’ ಸಮ್ಮೇಳನಗಳು 1994ರಿಂದ ನಡೆಯುತ್ತಿವೆ.

ಸಮ್ಮೇಳನದ ಒಂದು ಭಾಷಣದಿಂದ ಏನಾಗಬಹುದು ಎಂಬುದಕ್ಕೆ ನಮ್ಮವರದೇ ಉದಾಹರಣೆಯಿದೆ. ಗಣಿತದ ಮೇಷ್ಟ್ರಾಗಿದ್ದ ಎಸ್.ಆರ್. ರಂಗನಾಥನ್ 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1928ರ ಡಿಸೆಂಬರ್‌ನಲ್ಲಿ ಚಿದಂಬರಂನಲ್ಲಿ ಸೇರಿದ್ದ ಶಿಕ್ಷಣ ಸಮ್ಮೇಳನದಲ್ಲಿ ತಮ್ಮ ಐದು ಸೂತ್ರಗಳನ್ನು ಮೊದಲ ಬಾರಿ ಜನರ ಮುಂದಿಟ್ಟರು. ಪುಸ್ತಕ ಇರುವುದು ಬಳಸಲಿಕ್ಕೆ, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು, ಓದುಗನ ಹೊತ್ತು ಉಳಿಯಬೇಕು, ಗ್ರಂಥಾಲಯ ಬೆಳೆಯುತ್ತಲೇ ಇರುತ್ತದೆ: ಇಷ್ಟೇ ಅವುಗಳ ಸಾರ. 1931ರಲ್ಲಿ ಅವು ಪುಸ್ತಕವಾದವು. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಈ ವಿಷಯ ಓದಿದರೂ ಆ ಐದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ರಂಗನಾಥನ್ 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. 1962ರಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಅಂಗವಾಗಿ ಡಿಆರ್‌ಟಿಸಿ ಎಂಬ ದಾಖಲಾತಿ ಸಂಶೋಧನೆ, ತರಬೇತಿಯ ಕೇಂದ್ರ ತೆರೆದು, 1972ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಅವರ ನಾಲ್ಕನೆಯ ಸೂತ್ರ, ಓದುಗನ ಹೊತ್ತು ಉಳಿಸುವ ಮಾತು, ನಾನು ಸಮ್ಮೇಳನವೊಂದರಲ್ಲಿ ಓದಿದ ಪ್ರಬಂಧಕ್ಕೆ ನೇರ ಸಂಬಂಧಪಟ್ಟದ್ದು.

ಬ್ರೋಷರ್ ಬಂತು

ಸಮ್ಮೇಳನದ ಸುದ್ದಿ ಈಗ ವಾಟ್ಸ್ಆ್ಯಪ್ಪಿನಲ್ಲಿ ಬರುತ್ತದೆ. ಬಣ್ಣದ ಬ್ರೋಷರ್, ಮುಖಪುಟದಲ್ಲಿ ಆತಿಥೇಯ ವಿಶ್ವವಿದ್ಯಾಲಯದ ಕಟ್ಟಡ, ಒಳಗೆ ಮುಖ್ಯ ವಿಷಯ, ಅದರಡಿ ಇಪ್ಪತ್ತೋ ಮೂವತ್ತೋ ಉಪವಿಷಯ. ಕೆಲವು ವರ್ಷಗಳ ಹಿಂದೆ ಎಲ್ಲೆಲ್ಲೂ ‘ಡಿಜಿಟಲ್ ಯುಗ’ ಇತ್ತು. ಈಗ ಆ ಜಾಗಕ್ಕೆ ಕೃತಕ ಬುದ್ಧಿಮತ್ತೆ ಬಂದಿದೆ. ಮೊದಲು ಒಂದು ಪುಟದ ಸಾರಾಂಶ ಕಳಿಸಬೇಕು. ಒಪ್ಪಿಗೆಯಾದರೆ ಪೂರ್ತಿ ಪ್ರಬಂಧ. ಜೊತೆಗೆ ನೋಂದಣಿ ಶುಲ್ಕ, ಉಳಿದುಕೊಳ್ಳುವ ವ್ಯವಸ್ಥೆ ಬೇಕೋ ಬೇಡವೋ ಎಂಬ ಗೂಗಲ್ ಫಾರ್ಮು.

ಪ್ರಬಂಧವನ್ನು ಬೇರೆಯವರ ಬರಹದೊಂದಿಗೆ ಹೋಲಿಸುವ ಸಾಮ್ಯತೆ ಪರೀಕ್ಷೆಯೂ ಇರುತ್ತದೆ. ಯುಜಿಸಿಯ 2018ರ ನಿಯಮದ ಪ್ರಕಾರ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಅದನ್ನು ದಾಟಿದರೆ ತಕರಾರು. ಕಾಲೇಜಿನ ಉಳಿದವರ ಪ್ರಬಂಧಗಳಿಗೆ ಈ ಪರೀಕ್ಷೆ ಮಾಡಿಕೊಡುವುದು ಹೆಚ್ಚಿನ ಕಡೆ ಗ್ರಂಥಪಾಲಕರ ಕೆಲಸವೇ. ಹಾಗಾಗಿ ನಮ್ಮದನ್ನು ನಾವೇ ಹಾಕಿ ನೋಡುವಾಗ ಸ್ವಲ್ಪ ಎದೆ ಡವಗುಟ್ಟುತ್ತದೆ.

ಇಲ್ಲಿ ಬಹಳ ಜನ ಸುಲಭದ ದಾರಿ ಹಿಡಿಯುತ್ತಾರೆ. ‘ಇಂಥ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಇ-ಸಂಪನ್ಮೂಲಗಳ ಅರಿವು ಮತ್ತು ಬಳಕೆ: ಒಂದು ಅಧ್ಯಯನ’ ಎಂಬ ಶೀರ್ಷಿಕೆ ನಮ್ಮ ಕ್ಷೇತ್ರದಲ್ಲಿ ಎಷ್ಟು ಸಲ ಬಂದಿದೆಯೋ ದೇವರೇ ಬಲ್ಲ. ಊರಿನ ಹೆಸರು ಬದಲಾಗುತ್ತದೆ, ಪ್ರಶ್ನಾವಳಿ ಅದೇ. ಹುಡುಗರು ಇಷ್ಟು, ಹುಡುಗಿಯರು ಇಷ್ಟು, ‘ತೃಪ್ತಿ ಇದೆ’ ಎಂದವರು ಇಷ್ಟು ಎಂಬ ಕೋಷ್ಟಕಗಳು. ಕೊನೆಗೆ, ಇನ್ನಷ್ಟು ತರಬೇತಿ ಕೊಡಬೇಕೆಂಬ ತೀರ್ಮಾನ. ಅದನ್ನು ಓದಿ ನಾಳೆ ಬೆಳಿಗ್ಗೆ ತನ್ನ ಗ್ರಂಥಾಲಯದಲ್ಲಿ ಏನು ಬದಲಿಸಬೇಕೆಂದು ಯಾರಿಗೂ ಗೊತ್ತಾಗುವುದಿಲ್ಲ. ಅಂಥದೊಂದು ಪ್ರಬಂಧ ಬರೆಯಬಾರದೆಂದು ತೀರ್ಮಾನಿಸಿದಾಗ ನನ್ನ ಕೈಗೆ ಸಿಕ್ಕಿದ್ದು ಕೌಂಟರಿನ ಮೇಲಿದ್ದ ನೋಟ್‌ಬುಕ್.

ಸಿಗದ ಪುಸ್ತಕಗಳ ನೋಟ್‌ಬುಕ್

ನಮ್ಮಲ್ಲಿ ವಿದ್ಯಾರ್ಥಿಗಳು ಪುಸ್ತಕ ಹುಡುಕಲು ಒಂದು ಕಂಪ್ಯೂಟರ್ ಇಟ್ಟಿದ್ದೇವೆ. ಅದರ ಪಕ್ಕ ದಾರ ಕಟ್ಟಿದ ಪೆನ್ನು, ಇನ್ನೂರು ಪುಟದ ನೋಟ್‌ಬುಕ್. ಹುಡುಕಿದ್ದು ಸಿಗದಿದ್ದರೆ, ಏನು ಟೈಪ್ ಮಾಡಿದಿರೋ ಅದನ್ನೇ ಬರೆಯಿರಿ ಎಂದು ಹೇಳಿದ್ದೆ. ಹೊಸ ಪುಸ್ತಕಗಳ ಖರೀದಿಗೆ ಅನುಕೂಲವಾಗಲಿ ಎಂಬುದು ಮೂಲ ಉದ್ದೇಶ.

“ಮೇಡಂ, ಕುವೆಂಪು ಅವರದು ಯಾವ್ದೂ ಇಲ್ಲಂತ ತೋರಸಾಕತ್ತೈತ್ರಿ” ಎಂದಳು ಬಿ.ಎ. ಹುಡುಗಿಯೊಬ್ಬಳು. ಅವಳ ಬೆನ್ನ ಹಿಂದಿನ ಕಪಾಟಿನಲ್ಲಿ ಕುವೆಂಪು ಒಂದು ಇಡೀ ಅಡ್ಡಪಟ್ಟಿ ತುಂಬಿದ್ದರು. ನೋಟ್‌ಬುಕ್ ತಿರುವಿ ನೋಡಿದರೆ, ‘ಸಿಗಲಿಲ್ಲ’ ಎಂದು ಬರೆದವುಗಳಲ್ಲಿ ಬಹುಪಾಲು ಪುಸ್ತಕಗಳು ನಮ್ಮಲ್ಲಿ ಇದ್ದಂಥವೇ. ಕೊರತೆಯಿದ್ದದ್ದು ಕಪಾಟಿನಲ್ಲಲ್ಲ, ಸೂಚಿಯಲ್ಲಿ.

ಕಾರಣ ಹುಡುಕಿದಾಗ ಮೂರು ಸಿಕ್ಕವು. ಮೊದಲನೆಯದು ಹಳೆಯ ಅಕ್ಷರಗಳ ಸಮಸ್ಯೆ. ಯೂನಿಕೋಡ್ ರೂಢಿಗೆ ಬರುವ ಮೊದಲು ಕನ್ನಡ ಟೈಪ್ ಮಾಡುತ್ತಿದ್ದ ವಿಧಾನದಲ್ಲಿ ಪರದೆಯ ಮೇಲೆ ಕನ್ನಡ ಕಂಡರೂ ಕಂಪ್ಯೂಟರಿನ ಹೊಟ್ಟೆಯೊಳಗೆ ಇರುತ್ತಿದ್ದುದು ರೋಮನ್ ಚಿಹ್ನೆಗಳು. ಫಾಂಟು ತೆಗೆದರೆ ಬಣ್ಣ ಬಯಲು. ‘ಕನ್ನಡ’ ಎಂಬ ಮೂರಕ್ಷರ ಆಗ ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಓರೆಗೀಟು ಹೊತ್ತ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಗೀಟಿನ ಎ, ಜರ್ಮನ್ನರ ಜೋಡಿ ಎಸ್, ಕ್ಯೂ, ಮತ್ತೊಂದು ಗೀಟಿನ ಎ ಆಗಿ ನಿಲ್ಲುತ್ತದೆ. ಹಳೆಯ ತಂತ್ರಾಂಶದಿಂದ ಕೋಹಾಕ್ಕೆ ವರ್ಗವಾದಾಗ ನಮ್ಮ ಎಷ್ಟೋ ಶೀರ್ಷಿಕೆಗಳು ಈ ವೇಷದಲ್ಲೇ ಬಂದು ಕೂತಿದ್ದವು. ಅವನ್ನು ಯಾವ ವಿದ್ಯಾರ್ಥಿ ಹುಡುಕಿ ತೆಗೆದಾನು? ಹಳೆಯ ಫಾಂಟಿನ ಪಠ್ಯವನ್ನು ಯೂನಿಕೋಡಿಗೆ ಬದಲಿಸುವ ಸಾಧನಗಳು ಈಗ ಇವೆ. ಆದರೂ ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿಟ್ಟು ನೋಡಲೇಬೇಕು.

ಎರಡನೆಯದು ಹೆಸರಿನ ಸಮಸ್ಯೆ. ಶಾಲೆಯ ಹಾಜರಿಯಲ್ಲಿ ಒಂದು ಹೆಸರು, ಮನೆಯಲ್ಲಿ ಕರೆಯಲು ಇನ್ನೊಂದು ಇರುವಂತೆ ನಮ್ಮ ಲೇಖಕರಿಗೆ ಹೆಸರುಗಳು ಎರಡೆರಡು. ಕುವೆಂಪು ಅವರ ಹಳೆಯ ಪುಸ್ತಕಗಳು ‘ಪುಟ್ಟಪ್ಪ, ಕೆ.ವಿ.’ ಎಂದು ದಾಖಲಾಗಿದ್ದವು, ಹೊಸವು ‘ಕುವೆಂಪು’ ಎಂದು. ಬೇಂದ್ರೆಯವರು ಒಂದು ಕಡೆ ದ.ರಾ., ಇನ್ನೊಂದು ಕಡೆ ಅಂಬಿಕಾತನಯದತ್ತ. ಮಾಸ್ತಿಯವರು ‘ಶ್ರೀನಿವಾಸ’ ಎಂಬ ಹೆಸರಿನಡಿ ಹತ್ತಾರು ಬೇರೆ ಶ್ರೀನಿವಾಸರ ಗುಂಪಿನಲ್ಲಿ ಕಳೆದುಹೋಗಿದ್ದರು. ತ್ರಿವೇಣಿಯವರನ್ನು ಅನಸೂಯಾ ಶಂಕರ್ ಎಂದು, ನಿರಂಜನರನ್ನು ಕುಳಕುಂದ ಶಿವರಾವ್ ಎಂದು, ಬೀಚಿಯವರನ್ನು ರಾಯಸಂ ಭೀಮಸೇನರಾವ್ ಎಂದು ಯಾವ ಹುಡುಗ ತಾನೇ ಹುಡುಕುತ್ತಾನೆ? ಅ.ನ.ಕೃ., ತ.ರಾ.ಸು., ಡಿ.ವಿ.ಜಿ., ವಿ.ಸೀ. ಇವರ ಮೊದಲಕ್ಷರಗಳ ನಡುವೆ ಚುಕ್ಕಿ ಇದೆಯೋ ಇಲ್ಲವೋ ಎಂಬುದರ ಮೇಲೂ ಫಲಿತಾಂಶ ಬದಲಾಗುತ್ತಿತ್ತು.

ಮೂರನೆಯದು ಇಂದಿನ ಹುಡುಗರ ಅಭ್ಯಾಸ. ಮೊಬೈಲ್ ಕಾಲದವರು ಕನ್ನಡ ಪುಸ್ತಕವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಹುಡುಕುತ್ತಾರೆ. ಕಾರಂತರಿಗೆ ಕೊನೆಯಲ್ಲಿ ಒಬ್ಬ ಎಚ್ ಹಾಕುತ್ತಾನೆ, ಇನ್ನೊಬ್ಬ ಬಿಡುತ್ತಾನೆ, ಮತ್ತೊಬ್ಬ ಎ ಸೇರಿಸುತ್ತಾನೆ. ಭೈರಪ್ಪನವರಿಗೆ ವೈ ಹಾಕುವವರಿದ್ದಾರೆ, ಎ-ಐ ಹಾಕುವವರಿದ್ದಾರೆ. ಕಂಪ್ಯೂಟರಿಗೆ ಇವರೆಲ್ಲ ಬೇರೆ ಬೇರೆ ಮನುಷ್ಯರು.

ಇದಕ್ಕೆ ನಮ್ಮ ವಿದ್ಯೆಯಲ್ಲಿ ಹಳೆಯ ಮದ್ದೊಂದಿದೆ. ಲೇಖಕರ ಒಂದು ಹೆಸರನ್ನು ಅಧಿಕೃತವೆಂದು ನಿಗದಿ ಮಾಡುವುದು, ಉಳಿದ ಎಲ್ಲ ರೂಪಗಳಿಂದ ಅದರ ಕಡೆಗೆ ಕೈಮರ ನೆಡುವುದು. ಇದನ್ನು ಅಥಾರಿಟಿ ಫೈಲ್ ಎನ್ನುತ್ತೇವೆ. ಕಂಪ್ಯೂಟರಿನಲ್ಲಿ ಗ್ರಂಥಸೂಚಿ ಬರೆಯುವ ಮಾರ್ಕ್ ಪದ್ಧತಿಯಲ್ಲಿ ವ್ಯಕ್ತಿಯ ಅಧಿಕೃತ ಹೆಸರು 100 ಎಂಬ ಸಾಲಿನಲ್ಲಿ ಕೂರುತ್ತದೆ, ಪರ್ಯಾಯ ಹೆಸರುಗಳು 400 ಎಂಬ ಸಾಲಿನಲ್ಲಿ. ಕುವೆಂಪು 100ರಲ್ಲಿ. ಪುಟ್ಟಪ್ಪ ಕೆ.ವಿ., ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ, ರೋಮನ್ ಲಿಪಿಯ ರೂಪಗಳು ಎಲ್ಲವೂ 400ರಲ್ಲಿ. ಹೀಗೆ ನೋಟ್‌ಬುಕ್ಕಿನಲ್ಲಿ ಹೆಚ್ಚು ಸಲ ಬಂದಿದ್ದ ಲೇಖಕರಿಂದ ಶುರುಮಾಡಿ ಒಂದೊಂದೇ ಹೆಸರು ಕಟ್ಟಿದೆ. ಪ್ರಬಂಧದಲ್ಲಿ ಬರೆದದ್ದು ಇಷ್ಟನ್ನೇ: ಏನು ಸಿಗುತ್ತಿರಲಿಲ್ಲ, ಯಾಕೆ, ಏನು ಮಾಡಿದೆ, ಈಗ ಏನು ಸಿಗುತ್ತದೆ.

ಹತ್ತು ನಿಮಿಷ ಎಂದರೆ ಏಳು

ನಮ್ಮ ರಾಜ್ಯದ ಸಮ್ಮೇಳನಗಳಿಗೆ ಒಂದು ಠಾಕುಠೀಕಿನ ಕ್ರಮವಿದೆ. ನೋಂದಣಿ ಕೌಂಟರಿನಲ್ಲಿ ಬ್ಯಾಗು, ಪ್ಯಾಡು, ಪೆನ್ನು, ಕೊರಳಿಗೆ ಹೆಸರುಪಟ್ಟಿ. ಉಪ್ಪಿಟ್ಟು, ಕೇಸರಿಬಾತ್. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಬಂಧಗಳ ಸಂಪುಟದ ಬಿಡುಗಡೆ, ಗಣ್ಯರಿಗೆ ಪೇಟ, ಶಾಲು, ಹಾರ. ಉದ್ಘಾಟನೆ ತಡವಾಗುವುದು ಹೆಚ್ಚುಕಡಿಮೆ ಖಚಿತ. ಆ ತಡದ ಸಾಲ ತೀರಿಸುವವರು ಮಧ್ಯಾಹ್ನ ಪ್ರಬಂಧ ಓದುವವರು. ಹತ್ತು ನಿಮಿಷ ಎಂದು ಪತ್ರದಲ್ಲಿದ್ದದ್ದು ಏಳಾಗುತ್ತದೆ, ಸಂಜೆ ಬಸ್ಸಿನ ಹೊತ್ತು ಹತ್ತಿರ ಬಂದರೆ ಐದಾಗುತ್ತದೆ.

ಗೋಷ್ಠಿಗೆ ಒಬ್ಬರು ಅಧ್ಯಕ್ಷರು, ನಡೆದದ್ದನ್ನು ಬರೆದುಕೊಳ್ಳುವ ಒಬ್ಬರು ವರದಿಗಾರರು. ಅಧ್ಯಕ್ಷರ ಮುಂದೆ ಒಂದು ಗಂಟೆ. ಮೊದಲ ಸಲ ಬಾರಿಸಿದರೆ ಮುಗಿಸಲು ಸೂಚನೆ, ಎರಡನೇ ಸಲ ಬಾರಿಸಿದರೆ ಧನ್ಯವಾದ ಹೇಳಿ ಇಳಿಯುವುದು. ಅದಕ್ಕೇ ಹೊಸಬರಿಗೆ ನಾನು ಹೇಳುವುದು ಇಷ್ಟು. ಕ್ಷೇತ್ರದ ಚರಿತ್ರೆ, ವ್ಯಾಖ್ಯೆ, ಉದ್ದೇಶಗಳ ಪಟ್ಟಿ ಬಿಟ್ಟುಬಿಡಿ. ಎದುರಿಗಿರುವವರಿಗೆ ಅವೆಲ್ಲ ಗೊತ್ತು. ನಿಮಗೆ ಸಿಕ್ಕ ಫಲವನ್ನು ಮೊದಲ ನಿಮಿಷದಲ್ಲೇ ಹೇಳಿ. ಸ್ಲೈಡಿನಲ್ಲಿ ಕನ್ನಡವಿದ್ದರೆ ಪಿಡಿಎಫ್ ಮಾಡಿಕೊಂಡು ಹೋಗಿ, ಯಾಕೆಂದರೆ ಅಲ್ಲಿಯ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟು ಇರುತ್ತದೆಂಬ ಭರವಸೆಯಿಲ್ಲ. ಪರದೆ ನೋಡಿಕೊಂಡು ಓದಬೇಡಿ, ಜನರಿಗೂ ಓದಲು ಬರುತ್ತದೆ.

ನಾನು ಮೊದಲ ಸ್ಲೈಡಿನಲ್ಲಿ ತೋರಿಸಿದ್ದು ನೋಟ್‌ಬುಕ್ಕಿನ ಒಂದು ಪುಟದ ಫೋಟೋ. ವಿದ್ಯಾರ್ಥಿಗಳ ಅಂಕುಡೊಂಕು ಅಕ್ಷರ, ಅಲ್ಲಲ್ಲಿ ಹೊಡೆದುಹಾಕಿದ ಗುರುತು, ಒಬ್ಬ ಮಹಾಶಯ ಬರೆದ ‘ನಿಮ್ಮ ಕಂಪ್ಯೂಟರಿಗೆ ಕನ್ನಡ ಬರುವುದಿಲ್ಲ’ ಎಂಬ ಟಿಪ್ಪಣಿ. ಸಭೆ ನಕ್ಕಿತು. ಎಲ್ಲರ ಕಾಲೇಜಿನಲ್ಲೂ ಅಂಥ ಒಬ್ಬ ಮಹಾಶಯನಿದ್ದಾನೆ ಎಂದು ಆ ನಗುವಿನಲ್ಲೇ ಗೊತ್ತಾಯಿತು.

ಪ್ರಶ್ನೆಗಳು ಶುರುವಾದಾಗ ಕಲಬುರಗಿ ಕಡೆಯ ಯುವಕರೊಬ್ಬರು ಎದ್ದರು. “ಮೇಡಂ, ನಾನೂ 400ರೊಳಗ ಹೆಸರು ಹಾಕೀನಿ. ಆದ್ರೂ ಹುಡುಕಿದ್ರ ಬರವಲ್ದು.” ಕೋಹಾದಲ್ಲಿ ಪರ್ಯಾಯ ಹೆಸರುಗಳನ್ನು ಪುಸ್ತಕಗಳ ಹುಡುಕಾಟಕ್ಕೆ ಸೇರಿಸಿಕೊಳ್ಳುವ ಒಂದು ಸೆಟ್ಟಿಂಗ್ ಇದೆ. ತಂತ್ರಾಂಶ ಹಾಕಿದಾಗ ಅದು ಆಫ್ ಇರುತ್ತದೆ. ಅದನ್ನು ಆನ್ ಮಾಡಿ, ಇಂಡೆಕ್ಸನ್ನು ಮತ್ತೊಮ್ಮೆ ಕಟ್ಟಬೇಕು. ಇಷ್ಟು ಹೇಳಿದೆ. ಅವರು ಅಲ್ಲೇ ಫೋನ್ ತೆಗೆದು ಬರೆದುಕೊಂಡರು. ನಿವೃತ್ತರಾದ ಹಿರಿಯರೊಬ್ಬರು ಕೇಳಿದರು: “ಒಬ್ಬೊಬ್ಬ ಗ್ರಂಥಪಾಲಕರೂ ಕುವೆಂಪು ಹೆಸರನ್ನು ತಮ್ಮ ತಮ್ಮ ಕಾಲೇಜಿನಲ್ಲಿ ಮತ್ತೆ ಮತ್ತೆ ಯಾಕೆ ಕಟ್ಟಬೇಕಮ್ಮ? ನಿನ್ನ ಫೈಲನ್ನೇ ಕೊಟ್ಟುಬಿಡಬಾರದೇ?” ನನ್ನ ಪ್ರಬಂಧದಲ್ಲಿ ಇಲ್ಲದ, ಅದಕ್ಕಿಂತ ದೊಡ್ಡದಾದ ಮಾತು ಅದು. ಮಾರ್ಕ್ ರೂಪದಲ್ಲಿರುವ ದಾಖಲೆಯನ್ನು ಒಂದು ಗ್ರಂಥಾಲಯದಿಂದ ಇಳಿಸಿ ಇನ್ನೊಂದಕ್ಕೆ ಏರಿಸಬಹುದು. ಆ ಪದ್ಧತಿ ಇರುವುದೇ ಅದಕ್ಕೆ. ಊಟದ ಹೊತ್ತಿಗೆ ಒಂದು ವಾಟ್ಸ್ಆ್ಯಪ್ ಗುಂಪಾಯಿತು. ಈಗ ಒಬ್ಬರು ನವ್ಯದ ಕವಿಗಳನ್ನು ನೋಡಿಕೊಳ್ಳುತ್ತಾರೆ, ಇನ್ನೊಬ್ಬರು ವಚನಕಾರರನ್ನು. ವಚನಕಾರರದು ಅಂಕಿತನಾಮದ ತೊಡಕು, ಅದು ಬೇರೆಯದೇ ಪುರಾಣ.

ಊಟದ ಸಾಲಿನ ವಿದ್ಯೆ

ಸಮ್ಮೇಳನದ ಅರ್ಧ ವಿದ್ಯೆ ವೇದಿಕೆಯಿಂದ ಬರುವುದಲ್ಲ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ ಬರುವುದು. ಅಲ್ಲಿ ಮುಖ್ಯ ಚರ್ಚೆ ಕಳೆದುಹೋದ ಪುಸ್ತಕಗಳದು. ಸ್ಟಾಕ್ ವೆರಿಫಿಕೇಶನ್ನಿನಲ್ಲಿ ಪುಸ್ತಕ ಕಡಿಮೆ ಬಂದರೆ ಗ್ರಂಥಪಾಲಕರ ಸಂಬಳಕ್ಕೆ ಕತ್ತರಿ ಬೀಳಬಹುದೆಂಬ ಭಯ ನಮ್ಮ ವೃತ್ತಿಯ ಹಳೆಯ ಕಾಯಿಲೆ. ಈ ಭಯದಿಂದಲೇ ಎಷ್ಟೋ ಕಡೆ ಕಪಾಟಿಗೆ ಬೀಗ ಬೀಳುತ್ತದೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಈ ವಿಷಯದಲ್ಲಿ ಉದಾರವಾಗಿವೆ ಎಂದು ನನಗೆ ಮೊದಲು ಹೇಳಿದ್ದು ಸಾರಿನ ಸೌಟು ಹಿಡಿದಿದ್ದ ಹಿರಿಯ ಸಹೋದ್ಯೋಗಿಯೊಬ್ಬರು. ವರ್ಷದಲ್ಲಿ ಓದಲು ಕೊಟ್ಟ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದುಹೋದರೆ ಅದು ಸಹಜ ನಷ್ಟ, ಅಪ್ರಾಮಾಣಿಕತೆಯೋ ನಿರ್ಲಕ್ಷ್ಯವೋ ಇಲ್ಲದಿದ್ದರೆ ಸಾಕು ಎನ್ನುತ್ತದೆ ನಿಯಮ. ಸಾವಿರ ರೂಪಾಯಿಗಿಂತ ಹೆಚ್ಚು ಬೆಲೆಯ ಅಥವಾ ಅಪರೂಪದ ಪುಸ್ತಕವಾದರೆ ಮಾತ್ರ ವಿಚಾರಣೆ ಆಗಲೇಬೇಕು. ಇಪ್ಪತ್ತು ಸಾವಿರದವರೆಗೆ ಪುಸ್ತಕವಿದ್ದರೆ ಪ್ರತಿವರ್ಷ ಪೂರ್ತಿ ಎಣಿಕೆ, ಐವತ್ತು ಸಾವಿರದವರೆಗಿದ್ದರೆ ಮೂರು ವರ್ಷಕ್ಕೊಮ್ಮೆ, ಅದಕ್ಕೂ ಮೇಲಿದ್ದರೆ ಮಾದರಿ ಎಣಿಕೆ. ಇದು ಕೇಂದ್ರದ ನಿಯಮ. ಆದರೂ ನಮ್ಮ ಕಾಲೇಜಿನ ಸಮಿತಿಯ ಮುಂದೆ ಕಪಾಟುಗಳ ಬೀಗ ತೆಗೆಸಲು ವಾದ ಮಾಡುವಾಗ ಅದು ನನ್ನ ಕೈಯಲ್ಲಿದ್ದ ಬಲವಾದ ಕಾಗದ.

ಪಡಸಾಲೆಯಲ್ಲಿ ಮಳಿಗೆಗಳಿರುತ್ತವೆ. ಪ್ರಕಾಶಕರು, ಬಾರ್‌ಕೋಡ್ ಮಾರುವವರು, ಬಾಗಿಲಲ್ಲಿ ಪುಸ್ತಕ ಕದ್ದರೆ ಕೂಗುವ ಆರ್‌ಎಫ್ಐಡಿ ಗೇಟಿನವರು, ಪುಸ್ತಕವನ್ನು ತಾನೇ ವಾಪಸು ಪಡೆಯುವ ಯಂತ್ರದವರು. ಎಲ್ಲರೂ ಕಾರ್ಡು ಕೊಟ್ಟು ಚಹಾ ಬೇಕೇ ಎಂದು ಕೇಳುತ್ತಾರೆ. ದೊಡ್ಡ ವಿಶ್ವವಿದ್ಯಾಲಯಗಳಿಗೆ ಅವೆಲ್ಲ ಬೇಕಾದಾವು. ಸಣ್ಣ ಕಾಲೇಜಿನವರು ಅಲ್ಲಿ ಒಂದು ಸಂಗತಿ ನೆನಪಿಟ್ಟುಕೊಳ್ಳಬೇಕು. ನಾವು ಬಳಸುವ ಕೋಹಾ ಹುಟ್ಟಿದ್ದು ನ್ಯೂಜಿಲೆಂಡಿನ ಹೊರೊಫೆನುವಾ ಎಂಬ ಸಣ್ಣ ಊರುಗಳ ಸೀಮೆಯ ಗ್ರಂಥಾಲಯಕ್ಕಾಗಿ. 2000ನೇ ಇಸವಿ ಹುಟ್ಟಿದರೆ ತಮ್ಮ ಹಳೆಯ ತಂತ್ರಾಂಶ ಕೈಕೊಡುತ್ತದೆಂದು ಅವರು 1999ರಲ್ಲಿ ಹೊಸದನ್ನು ಬರೆಸಿದರು, ಬರೆಸಿದ್ದನ್ನು ಜಗತ್ತಿಗೆಲ್ಲ ಬಿಟ್ಟಿ ಬಿಟ್ಟುಕೊಟ್ಟರು. ದುಡ್ಡಿಲ್ಲದ ಗ್ರಂಥಾಲಯವೂ ಉಳಿದವರಿಗೆ ಕೊಡಬಲ್ಲದು.

ಸರ್ಟಿಫಿಕೇಟಿನ ಸಂತೆ

ಒಳ್ಳೆಯದನ್ನು ಹೇಳಿದ ಮೇಲೆ ಕೆಟ್ಟದ್ದನ್ನೂ ಹೇಳಬೇಕು. ಕಾಲೇಜು ಗ್ರಂಥಪಾಲಕರ ಪದೋನ್ನತಿಯ ಕಡತದಲ್ಲಿ ಪ್ರಬಂಧ, ಸಮ್ಮೇಳನಗಳಿಗೆ ಸ್ಥಾನ ಸಿಕ್ಕಿದ ಮೇಲೆ ಸರ್ಟಿಫಿಕೇಟಿಗಾಗಿಯೇ ಬರುವವರು ಹೆಚ್ಚಿದ್ದಾರೆ. ಒಂದು ಪ್ರಬಂಧಕ್ಕೆ ನಾಲ್ಕು ಹೆಸರು, ಓದಲು ಬಂದವರು ಒಬ್ಬರು. ತಮ್ಮ ಪ್ರಬಂಧ ಮುಗಿದೊಡನೆ ಸಭಾಂಗಣ ಬಿಡುವವರು ಎಷ್ಟೆಂದರೆ, ಕೊನೆಯವರು ಓದುವ ಹೊತ್ತಿಗೆ ಕೇಳುವವರು ಅಧ್ಯಕ್ಷರು, ವರದಿಗಾರರು ಮತ್ತು ಮೈಕಿನ ಹುಡುಗ. ಸಮಾರೋಪಕ್ಕೆ ಮಾತ್ರ ಮತ್ತೆ ಜನ ಸೇರುತ್ತಾರೆ, ಸರ್ಟಿಫಿಕೇಟು ಕೊಡುವುದು ಆಗ. ಐಎಸ್‌ಬಿಎನ್ ಹೊತ್ತ ದಪ್ಪ ಸಂಪುಟಗಳು ಮನೆಗೆ ಬಂದು ಅಟ್ಟ ಸೇರುತ್ತವೆ. ಪುಸ್ತಕ ಇರುವುದು ಬಳಕೆಗೆ ಎಂಬ ರಂಗನಾಥನ್ ಸೂತ್ರಕ್ಕೆ ಅವರ ವಂಶದವರೇ ಮಾಡುವ ಅಪಚಾರ ಅದು.

ಅದಕ್ಕಿಂತ ಹೆಚ್ಚು ಕಾಡುವುದು ಬಾರದೆ ಉಳಿದವರ ವಿಷಯ. ಮೈಸೂರು ರಾಜ್ಯ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಬಂದದ್ದು 1965ರಲ್ಲಿ. ಇಂದು ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಇಲಾಖೆಯ ಸುಪರ್ದಿಗೆ ಬಂದವು, ಅರಿವು ಕೇಂದ್ರಗಳೆಂಬ ಹೆಸರೂ ಬಂತು. ಓದು ಬಿಟ್ಟ ಹುಡುಗಿಯನ್ನು ಪುಸ್ತಕಕ್ಕೆ ಮರಳಿಸುವುದು, ಪೇಪರ್ ಓದಲು ಬರುವ ಅಜ್ಜನಿಗೆ ಪಿಂಚಣಿ ಅರ್ಜಿ ತುಂಬಿಕೊಡುವುದು, ಸ್ಪರ್ಧಾತ್ಮಕ ಪರೀಕ್ಷೆಗೆ ಕೂತವನಿಗೆ ಸಂಜೆ ದೀಪ ಉರಿಸಿಕೊಂಡು ಕಾಯುವುದು: ನಾಡಿನ ಗ್ರಂಥಾಲಯ ಸೇವೆಯ ನಿಜವಾದ ಅನುಭವ ಇರುವುದು ಅಲ್ಲಿ. ಆದರೆ ನಮ್ಮ ಸಮ್ಮೇಳನಗಳ ವೇದಿಕೆಯಲ್ಲಿ ಅಲ್ಲಿಯ ಗ್ರಂಥಪಾಲಕರು ಕಾಣುವುದು ತೀರ ಅಪರೂಪ. ಶುಲ್ಕ ಕೈಗೆಟುಕುವುದಿಲ್ಲ, ಒಬ್ಬರೇ ಇರುವ ಗ್ರಂಥಾಲಯವನ್ನು ಮುಚ್ಚಿ ಬರುವಂತಿಲ್ಲ, ಬಂದರೂ ಗೋಷ್ಠಿಯೆಲ್ಲ ಇಂಗ್ಲಿಷಿನಲ್ಲಿ. ಹೇಳಲು ಅತಿ ಹೆಚ್ಚು ಇರುವವರಿಗೆ ನಾವು ಮೈಕು ಕೊಟ್ಟಿಲ್ಲ.

ಆದ್ದರಿಂದ ಸಂಘಟಕರಲ್ಲಿ ಒಂದು ಕೋರಿಕೆ. ಕರ್ನಾಟಕದಲ್ಲಿ ನಡೆಯುವ ಪ್ರತಿ ಗ್ರಂಥಾಲಯ ಸಮ್ಮೇಳನದಲ್ಲೂ ಒಂದು ಇಡೀ ಗೋಷ್ಠಿ ಕನ್ನಡದಲ್ಲಿರಲಿ, ಅದಕ್ಕೆ ಪಂಚಾಯಿತಿ ಗ್ರಂಥಪಾಲಕರನ್ನು ಶುಲ್ಕವಿಲ್ಲದೆ ಕರೆಯಿರಿ. ಉದ್ಘಾಟನೆಯನ್ನು ಒಂದು ಗಂಟೆಯೊಳಗೆ ಮುಗಿಸಿ, ಪ್ರಶ್ನೆಗಳಿಗೆ ಹೊತ್ತು ಬಿಡಿ. ಪ್ರಿನ್ಸಿಪಾಲರಲ್ಲಿ ಇನ್ನೊಂದು: ಗ್ರಂಥಪಾಲಕರ ಓಓಡಿ ಅರ್ಜಿ ಬಂದಾಗ ನಗಬೇಡಿ, ಸಹಿ ಹಾಕಿ, ಹೋಗಿಬಂದ ಮೇಲೆ ಏನು ಬದಲಾಯಿತೆಂದು ಲೆಕ್ಕ ಕೇಳಿ. ಸಹೋದ್ಯೋಗಿಗಳೇ, ಮುಂದಿನ ಪ್ರಬಂಧಕ್ಕೆ ಪ್ರಶ್ನಾವಳಿ ಹಂಚುವ ಮೊದಲು ನಿಮ್ಮ ಕೌಂಟರಿನ ಮೇಲೆ ಏನಿದೆ ನೋಡಿ.

ಓದುಗರಿಗೂ ಒಂದು ಮಾತು. ನಿಮ್ಮೂರಿನ ಗ್ರಂಥಾಲಯದಲ್ಲಿ ಹುಡುಕಿದ ಪುಸ್ತಕ ಸಿಗದಿದ್ದರೆ ಸುಮ್ಮನೆ ಮನೆಗೆ ಬರಬೇಡಿ. ಯಾವ ಹೆಸರಿನಲ್ಲಿ ಹುಡುಕಿದಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಅಲ್ಲಿಯವರ ಕೈಗೆ ಕೊಡಿ. ಪುಸ್ತಕ ಅಲ್ಲೇ ಇರುವ ಸಾಧ್ಯತೆ ನೀವು ತಿಳಿದಿರುವುದಕ್ಕಿಂತ ಹೆಚ್ಚು.